ಅತಿಥಿಗೆ ಅರವತ್ತು

ಕಟಾನಾ ತನ್ನ ಉತ್ತರಪತ್ರಿಕೆಯನ್ನು ಸುಮಿತ್ರಳ ಮೇಜಿನ ಮೇಲಿಟ್ಟು, "ಎರಡನೆಯ ಪುಟವನ್ನು ಗಟ್ಟಿಯಾಗಿ ಓದಿ ಮೇಡಂ," ಎಂದ.

ಸುಮಿತ್ರ ಪುಟ ತೆರೆದಳು. ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ನಡುನಡುವೆ ಅಡಿಪಟ್ಟಿ ಹಿಡಿದು ಗೆರೆ ಎಳೆದ ಕೋಷ್ಟಕಗಳು, ಅವುಗಳ ಮನೆಮನೆಯಲ್ಲೂ ಅಂಕಿಗಳು. ಅವಳು ಓದಲು ಬಾಯಿ ತೆರೆದಳು. ಲಿಪಿ ಇಂಗ್ಲಿಷಿನದು, ಆದರೆ ಒಂದು ಪದವೂ ಇಂಗ್ಲಿಷಲ್ಲ.

"ಇದು ಯಾವ ಭಾಷೆ?"

"ಸ್ವಾಹಿಲಿ. ನಮ್ಮಜ್ಜಿ ಮರಗೆಣಸನ್ನು ಹೇಗೆ ಬೇಯಿಸುತ್ತಾಳೆ ಅಂತ ಬರೆದಿದ್ದೇನೆ. ಮೂರನೆಯ ಪುಟದಲ್ಲಿ ಅದಕ್ಕೆ ತೆಂಗಿನಹಾಲು ಹಾಕುತ್ತಾಳೆ. ನೀವು ಅರವತ್ತು ಅಂಕ ಕೊಟ್ಟಿದ್ದೀರಿ. ಅಜ್ಜಿಗೆ ಗೊತ್ತಾದರೆ ಅರವತ್ತು ಕಡಿಮೆಯಾಯಿತು ಅನ್ನುತ್ತಾಳೆ."

ಅವನು ನಗಲಿಲ್ಲ. ಸುಮಿತ್ರ ಮೊದಲ ಪುಟಕ್ಕೆ ತಿರುಗಿಸಿದಳು. ಪತ್ರಿಕೆಯ ಮೇಲೆ ಕೆಂಪು ಶಾಯಿಯ ಆ ಅರವತ್ತು ಅವಳದೇ ಕೈಬರಹ. ಕೆಳಗಿನ ಸಹಿಯೂ ಅವಳದೇ.

"ಉಳಿದ ಪತ್ರಿಕೆಗಳಲ್ಲೂ ಇದನ್ನೇ ಬರೆದೆ," ಎಂದ ಕಟಾನಾ. "ಎಲ್ಲರೂ ಅರವತ್ತೇ ಕೊಟ್ಟಿದ್ದಾರೆ. ನೀವೊಬ್ಬರು ಓದಿರುತ್ತೀರಿ ಅಂದುಕೊಂಡಿದ್ದೆ. ಇರಲಿ, ನಾನು ಬರುತ್ತೇನೆ ಮೇಡಂ." ಹಾಸ್ಟೆಲಿಗೆ ಹೋಗುತ್ತಾನೆಂದು ಅವಳು ತಿಳಿದಳು.

ತಿರುವನಂತಪುರದ ಆ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರ ವಿಭಾಗಕ್ಕೆ ಬಂದ ಮೊದಲ ವಿದೇಶಿ ವಿದ್ಯಾರ್ಥಿ ಕಟಾನಾ. ಕೆನ್ಯಾದ ಕಡಲತೀರದ ಮಲಿಂದಿಯವನು. ಅಲ್ಲಿನ ಸರ್ಕಾರ ಅವನಿಗೆ ವಿದ್ಯಾರ್ಥಿವೇತನ ಕೊಟ್ಟು, ಮೀನುಗಾರಿಕೆಯ ಲೆಕ್ಕಾಚಾರ ಕಲಿತು ಬಾ ಎಂದು ಕಳುಹಿಸಿತ್ತು. ಅವನು ಬರುವ ಮೊದಲೇ ವಿಭಾಗದ ಮುಖ್ಯಸ್ಥ ಶಂಕರನಾರಾಯಣ ಪಿಳ್ಳೆ ಎಲ್ಲರನ್ನೂ ಕರೆದು ಹೇಳಿದ್ದರು: "ಇವನು ನಮ್ಮ ಅತಿಥಿ. ಯಾರೂ ಇವನ ಮನಸ್ಸು ನೋಯಿಸಬಾರದು. ಇವನು ಸಂತೋಷವಾಗಿ ಊರಿಗೆ ಹೋದರೆ ಇನ್ನೂ ಹತ್ತು ಜನ ಬರುತ್ತಾರೆ. ಆಗ ಇದು ಅಂತಾರಾಷ್ಟ್ರೀಯ ವಿಶ್ವವಿದ್ಯಾಲಯ."

ಅಂದಿನಿಂದ ಉಪಚಾರ ಶುರುವಾಯಿತು. ಹಾಸ್ಟೆಲಿನಲ್ಲಿ ಅವನಿಗೊಂದು ಪ್ರತ್ಯೇಕ ಕೋಣೆ, ಊಟಕ್ಕೆ ಪ್ರತ್ಯೇಕ ಮೇಜು. ಮೇಜಿನ ಮೇಲೆ ಬ್ರೆಡ್ಡು, ಜಾಮು, ಬೇಯಿಸಿದ ಮೊಟ್ಟೆ, ಚಮಚ. ಪಕ್ಕದ ಹಾಲಿನಲ್ಲಿ ಹುಡುಗರು ಬೆಂಚಿನ ಮೇಲೆ ಒತ್ತೊತ್ತಾಗಿ ಕುಳಿತು ಕಪ್ಪ, ಅಂದರೆ ಬೇಯಿಸಿದ ಮರಗೆಣಸು, ಮತ್ತು ಮೀನಿನ ಸಾರು ಹೊಡೆಯುವಾಗ, ಹುಟ್ಟಿದಂದಿನಿಂದ ಮರಗೆಣಸು ಮೀನು ತಿಂದು ಬೆಳೆದ ಕಟಾನಾ ಒಬ್ಬನೇ ಕೂತು ಬ್ರೆಡ್ಡಿಗೆ ಜಾಮು ಸವರುತ್ತಿದ್ದ. ತರಗತಿಯಲ್ಲಿ ಯಾರೂ ಅವನನ್ನು ಪ್ರಶ್ನೆ ಕೇಳುತ್ತಿರಲಿಲ್ಲ. ಉತ್ತರ ಬಾರದೆ ಹೋದರೆ ಅವನಿಗೆ ಮುಜುಗರವಾದೀತಲ್ಲ! ಪರೀಕ್ಷೆಯಲ್ಲಿ ಅರವತ್ತು ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಆದರೂ ಎಲ್ಲರಿಗೂ ಗೊತ್ತಿತ್ತು. ಸುಮಿತ್ರ ಕೆಲಸಕ್ಕೆ ಸೇರಿ ವರ್ಷವಾಗಿತ್ತಷ್ಟೆ, ಇನ್ನೂ ಖಾಯಂ ಆಗಿರಲಿಲ್ಲ. ಹಿರಿಯರು ಹಾಕಿದ ದಾರಿ ಎಂದುಕೊಂಡು, ಅಂದದ ಕೋಷ್ಟಕಗಳ ಮೇಲೆ ಕಣ್ಣಾಡಿಸಿ ಅವಳೂ ಅಂಕ ಹಾಕಿದ್ದಳು.

ಮರುದಿನ ಬೆಳಿಗ್ಗೆ ಪಿಳ್ಳೆಯವರು ಅವಳನ್ನು ಕರೆಸಿದರು. ಕೋಣೆಯಲ್ಲಿ ಹೊಸ ಕಟ್ಟಡದ ನಕ್ಷೆ ಗೋಡೆ ತುಂಬ ತೂಗುತ್ತಿತ್ತು. ಅದು ವಿದೇಶಿ ವಿದ್ಯಾರ್ಥಿಗಳಿಗಾಗಿ ಇಂಟರ್‌ನ್ಯಾಷನಲ್ ಹೌಸ್. ಶುಕ್ರವಾರ ಸಂಜೆ ಮಂತ್ರಿಗಳಿಂದ ಶಿಲಾನ್ಯಾಸ.

"ಹುಡುಗ ಕೋಣೆ ಖಾಲಿ ಮಾಡಿದ್ದಾನೆ," ಎಂದರು ಪಿಳ್ಳೆ. ದೊಡ್ಡ ಮೈಯ, ಮೆಲುದನಿಯ ಮನುಷ್ಯ. "ಕೊಚ್ಚಿಯಿಂದ ಮೊಂಬಾಸಾಕ್ಕೆ ಒಂದು ಸರಕು ಹಡಗು ಹೋಗುತ್ತದಂತೆ, ಅದರಲ್ಲಿ ಜಾಗ ಹಿಡಿದಿದ್ದಾನಂತೆ. ಫೋರ್ಟ್ ಕೊಚ್ಚಿಯ ಯಾವುದೋ ಲಾಡ್ಜಿನಲ್ಲಿದ್ದಾನೆ ಅಂತ ಅವನ ಕ್ಲಾಸಿನ ಮೋಹನ ಹೇಳಿದ. ನಾವು ಏನು ಕಡಿಮೆ ಮಾಡಿದೆವು, ಹೇಳಿ? ಬ್ರೆಡ್ಡು ಬೇರೆ ಕಡೆಯಿಂದ ತರಿಸುತ್ತಿದ್ದೆವು!"

"ಅವನ ಪತ್ರಿಕೆ ಓದಲಿಲ್ಲ ಸಾರ್," ಎಂದಳು ಸುಮಿತ್ರ, ಮತ್ತು ನಡೆದದ್ದನ್ನೆಲ್ಲ ಹೇಳಿದಳು.

ಪಿಳ್ಳೆ ಕೇಳಿದರು. ಕೇಳಿ, ಕನ್ನಡಕ ಒರೆಸಿಕೊಂಡರು. "ಹುಡುಗಾಟ. ಆಮೇಲೆ ನೋಡೋಣ. ಈಗ ಶುಕ್ರವಾರದ ಫೋಟೋದಲ್ಲಿ ಅವನು ಮಂತ್ರಿಗಳ ಪಕ್ಕ ನಿಲ್ಲಬೇಕು. ವಿದೇಶಿ ವಿದ್ಯಾರ್ಥಿಯೇ ಇಲ್ಲದ ಮೇಲೆ ಇಂಟರ್‌ನ್ಯಾಷನಲ್ ಹೌಸ್ ಯಾರಿಗೆ ಅಂತ ಪತ್ರಿಕೆಯವರು ಕೇಳುತ್ತಾರೆ. ನಿಮ್ಮ ಮೇಲೆ ಅವನಿಗೆ ಗೌರವ ಇದೆ. ಹೋಗಿ ಕರೆದುಕೊಂಡು ಬನ್ನಿ."

ಆ ಸಂಜೆ ಮನೆಯಲ್ಲಿ ಅವಳು ಕೈಚೀಲ ತುಂಬಿಕೊಳ್ಳುತ್ತಿದ್ದಾಗ ಗಂಡ ರಾಮದಾಸ ಬಾಗಿಲಿಗೆ ಒರಗಿ ನಿಂತು ಕತೆಯನ್ನೆಲ್ಲ ಕೇಳಿದ. ಅವನು ಊರಾಚೆ ತುಂಬಾ ಎಂಬಲ್ಲಿದ್ದ ರಾಕೆಟ್ ಕೇಂದ್ರದಲ್ಲಿ ಕೆಲಸಕ್ಕಿದ್ದ. ಇಬ್ಬರೂ ಮಂಗಳೂರಿನ ಕಡೆಯವರು.

"ಮರಗೆಣಸಿಗೆ ಅರವತ್ತಾ? ನಿನ್ನ ಅಡುಗೆಗೆ ನಾನು ಅಷ್ಟು ಕೊಡುದಿಲ್ಲ ಮಾರಾಯ್ತಿ," ಎಂದ.

"ತಮಾಷೆ ಸಾಕು. ನಿಮ್ಮಲ್ಲಿಗೂ ಹೊರದೇಶದವರು ಬರ್ತಾರಲ್ಲ, ಅವರನ್ನು ನೀವು ಹೇಗೆ ನೋಡಿಕೊಳ್ಳುದು?"

"ನೋಡಿಕೊಳ್ಳುದು ಎಂತದ್ದು? ಮೊನ್ನೆ ಆ ಫ್ರಾನ್ಸಿನವ ನನ್ನ ಬೆಸುಗೆ ನೋಡಿ ಮುಖಕ್ಕೇ ಹೇಳಿದ, ಇದು ಕಸ ಅಂತ. ನಾನು ಬೇರೆ ಮಾಡಿದೆ. ಮರುದಿನ ಅವನ ಲೆಕ್ಕ ತಪ್ಪಿತ್ತು, ನಾನು ಹೇಳಿದೆ. ಅವನೂ ಬೇರೆ ಮಾಡಿದ. ಮತ್ತೆ ಒಟ್ಟಿಗೆ ಚಾ ಕುಡಿದೆವು. ರಾಕೆಟು ಮೇಲೆ ಹೋಗ್ಬೇಕಲ್ಲ? ಬರೀ ಮರ್ಯಾದೆಯಿಂದ ಅದು ಹೋಗುದಿಲ್ಲ."

ಸುಮಿತ್ರ ಚೀಲದಿಂದ ಸೀರೆಯೊಂದನ್ನು ತೆಗೆದು ಹೊರಗಿಟ್ಟಳು. ಆ ಜಾಗದಲ್ಲಿ ಬಿಳಿ ಹಾಳೆಗಳ ಒಂದು ಕಟ್ಟು ಮತ್ತು ಕೆಂಪು ಶಾಯಿಯ ಪೆನ್ನು ಇಟ್ಟಳು.

"ಅವನನ್ನು ಕರಕೊಂಡು ಬರ್ಲಿಕ್ಕೆ ಹೋಗುದಾ, ಪರೀಕ್ಷೆ ಮಾಡ್ಲಿಕ್ಕಾ?"

"ಪರೀಕ್ಷೆಗೆ," ಎಂದಳು ಸುಮಿತ್ರ.

ಗುರುವಾರ ಅವಳು ಎರ್ನಾಕುಲಂ ತಲುಪಿ, ದೋಣಿಕಟ್ಟೆಯಿಂದ ಬೋಟು ಹಿಡಿದು ಫೋರ್ಟ್ ಕೊಚ್ಚಿಯಲ್ಲಿ ಇಳಿದಾಗ ಬಿಸಿಲು ಆಗಲೇ ಏರಿತ್ತು. ಲಾಡ್ಜಿನ ಮಾಲೀಕ ತಲೆಗೆ ಟವೆಲು ಸುತ್ತಿಕೊಂಡು ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ.

"ಆಫ್ರಿಕಾ ಸಾರಾ? ಕಡಲ ದಡದಲ್ಲಿ ಇರಬೇಕು ಚೇಚಿ. ನಿನ್ನೆಯಿಂದ ಮೀನಿನವರ ಜೊತೆಗೇ ಇದ್ದಾರೆ. ನಿಮ್ಮ ಕಾಲೇಜಿನಲ್ಲಿ ಊಟ ಹಾಕುವುದಿಲ್ಲವೇ? ನಮ್ಮಲ್ಲಿ ಕಪ್ಪ ಮೂರು ಸಲ ಹಾಕಿಸಿಕೊಂಡರು!"

ದಡದ ಮರದ ಕಂಬಗಳಿಗೆ ತೂಗುಹಾಕಿದ ದೊಡ್ಡ ಚೀನಾ ಬಲೆಗಳ ಆಚೆ, ಮರಳಿನ ಮೇಲೆ ಬೋರಲು ಹಾಕಿದ ಒಂದು ದೋಣಿಯ ಬೆನ್ನಿನ ಮೇಲೆ ಕಟಾನಾ ಕೂತಿದ್ದ. ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿದ್ದ. ಅವಳನ್ನು ಕಂಡು ಎದ್ದು ನಿಂತ.

"ಪಿಳ್ಳೆ ಸಾರ್ ಕಳುಹಿಸಿದರಾ?"

"ಹೌದು. ಫೋಟೋಕ್ಕೆ ನೀನು ಬೇಕಂತೆ."

ಅವನು ಮೊದಲ ಬಾರಿಗೆ ನಕ್ಕ. "ನೀವಾದರೂ ನಿಜ ಹೇಳಿದಿರಿ. ಆದರೆ ನಾಳೆ ಹಡಗು ಹೊರಡುತ್ತದೆ ಮೇಡಂ. ಊರಿಗೆ ಹೋದ ಮೇಲೆ ನಮ್ಮ ಇಲಾಖೆಯವರು ನನ್ನನ್ನು ದಡದ ಮೇಲೆ ನಿಲ್ಲಿಸಿ, ಈ ವರ್ಷ ಎಷ್ಟು ಮೀನು ಬಂತು ಹೇಳು ಅನ್ನುತ್ತಾರೆ. ಆಗ ನಾನು ಏನು ಹೇಳಲಿ? ಇಂಡಿಯಾದಲ್ಲಿ ನನಗೆ ಬಹಳ ಚೆನ್ನಾಗಿ ಜಾಮು ಕೊಟ್ಟರು ಅಂತಲೇ? ಏನೂ ಕಲಿಯದೆ ಎರಡು ವರ್ಷ ಕಳೆದು ಹೋಗುವುದಕ್ಕಿಂತ ಈಗಲೇ ಹೋಗುವುದು ಮೇಲು."

"ಸರಿ. ಹಡಗು ನಾಳೆ ತಾನೇ? ಇವತ್ತು ನನ್ನ ಪರೀಕ್ಷೆ ಬರೆ." ಸುಮಿತ್ರ ಹಾಳೆಯ ಕಟ್ಟನ್ನು ದೋಣಿಯ ಬೆನ್ನಿನ ಮೇಲಿಟ್ಟಳು. "ಒಂದೇ ಪ್ರಶ್ನೆ. ಈ ದಡಕ್ಕೆ ಇವತ್ತು ಒಟ್ಟು ಎಷ್ಟು ಮೀನು ಬರುತ್ತದೆ? ಎಲ್ಲ ದೋಣಿಯ ಮೀನನ್ನೂ ತೂಗುವ ಹಾಗಿಲ್ಲ. ಕೆಲವನ್ನು ಆರಿಸಿಕೊಂಡು ಇಡೀ ದಡದ ಲೆಕ್ಕ ಹೇಳಬೇಕು. ಯಾಕೆ ಆ ದೋಣಿಗಳನ್ನೇ ಆರಿಸಿದೆ ಅಂತಲೂ ಬರೆಯಬೇಕು."

ಕಟಾನಾ ಅವಳ ಮುಖವನ್ನೂ ಹಾಳೆಗಳನ್ನೂ ನೋಡಿದ. ಆಮೇಲೆ ಒಂದು ಹಾಳೆ ಎಳೆದುಕೊಂಡು ನೀರಿನ ಕಡೆ ನಡೆದ.

ಅವಳು ಸೆರಗನ್ನು ತಲೆಯ ಮೇಲೆ ಹೊದ್ದು ತೆಂಗಿನ ನೆರಳಿನಲ್ಲಿ ಕಾದಳು. ದೋಣಿಗಳು ಬಂದವು. ಹೆಂಗಸರು ಬುಟ್ಟಿ ಹಿಡಿದು ಓಡಿದರು, ಹರಾಜಿನವನು ಹಾಡಿದ ಹಾಗೆ ದರ ಕೂಗಿದ, ಕಾಗೆಗಳು ಎರಗಿದವು. ಕಟಾನಾ ಗುಂಪಿನೊಳಗೆ ನುಗ್ಗಿ ಬುಟ್ಟಿ ಎಣಿಸಿದ, ಕೈಸನ್ನೆಯಲ್ಲಿ ಏನೇನೋ ಕೇಳಿದ, ಮೀನುಗಾರರು ಅವನ ಬೆನ್ನು ತಟ್ಟಿ ಮಲಯಾಳದಲ್ಲಿ ಏನೇನೋ ಹೇಳಿದರು. ಬಿಸಿಲು ಇಳಿಯುವ ಹೊತ್ತಿಗೆ ಬೆವರಿ, ಹಾಳೆಯ ಮೂಲೆಯಲ್ಲೆಲ್ಲ ಮೀನಿನ ಹುರುಪೆ ಅಂಟಿಸಿಕೊಂಡು ಬಂದ.

ಸುಮಿತ್ರ ಓದಿದಳು. ಒಂದೊಂದು ಸಾಲನ್ನೂ ಓದಿದಳು. ಆಮೇಲೆ ಕೆಂಪು ಪೆನ್ನು ತೆಗೆದು ಎರಡು ಕಡೆ ಅಡ್ಡಗೆರೆ ಎಳೆದಳು.

"ತಪ್ಪು."

"ಎಲ್ಲಿ?"

"ನೀನು ನಿಂತ ಕಡೆಗೆ ಬಂದ ದೋಣಿಗಳನ್ನಷ್ಟೇ ಎಣಿಸಿದ್ದೀಯ. ಆ ಬಲೆಗಳ ಆಚೆ ದೊಡ್ಡ ದೋಣಿಗಳು ತಡವಾಗಿ ಬಂದವು. ಅವು ನಿನ್ನ ಲೆಕ್ಕದಲ್ಲಿ ಎಲ್ಲಿವೆ? ಕೈಗೆ ಸಿಕ್ಕಿದ್ದನ್ನು ಆರಿಸಿಕೊಂಡು, ಇಡೀ ದಡ ಹೀಗೆಯೇ ಅಂದರೆ ಹೇಗೆ? ದೋಣಿಗಳಿಗೆಲ್ಲ ಮೊದಲು ಸಂಖ್ಯೆ ಹಾಕಬೇಕು. ಅದರಲ್ಲಿ ಚೀಟಿ ಎತ್ತಿದ ಹಾಗೆ ಆರಿಸಬೇಕು. ತರಗತಿಯಲ್ಲಿ ಹೇಳಿದ್ದೆ."

"ಹೇಳಿದ್ದಿರಿ!" ಕಟಾನಾ ದನಿ ಏರಿಸಿದ. "ಗೋಧಿ ಹೊಲದ ಉದಾಹರಣೆ ಕೊಟ್ಟು ಹೇಳಿದ್ದಿರಿ. ಹೊಲ ಎಲ್ಲಿಗೂ ಹೋಗುವುದಿಲ್ಲ ಮೇಡಂ, ಅದಕ್ಕೆ ಸಂಖ್ಯೆ ಹಾಕಬಹುದು. ದೋಣಿಗೆ ಹೇಗೆ ಹಾಕುವುದು? ನಮ್ಮ ಮಲಿಂದಿಯಲ್ಲಿ ಇವತ್ತು ಇಲ್ಲಿ ಇಳಿದ ದೋಣಿ ನಾಳೆ ಎರಡು ಮೈಲಿ ಆಚೆ ಇಳಿಯುತ್ತದೆ. ಉಬ್ಬರ ಎತ್ತ ತಳ್ಳುತ್ತದೋ, ಯಾವ ದಡದಲ್ಲಿ ಒಳ್ಳೆಯ ದರ ಸಿಗುತ್ತದೋ ಅತ್ತ. ಎಷ್ಟು ದೋಣಿ ಇವೆ ಅಂತ ಸರ್ಕಾರಕ್ಕೇ ಗೊತ್ತಿಲ್ಲ."

ಸುಮಿತ್ರ ಪೆನ್ನು ಕೆಳಗಿಟ್ಟಳು. ಇಂಗ್ಲೆಂಡಿನ ಪುಸ್ತಕದಲ್ಲಿದ್ದ ಆ ಗೋಧಿ ಹೊಲವನ್ನು ಅವಳ ಗುರುಗಳು ಮದರಾಸಿನಲ್ಲಿ ಅವಳಿಗೆ ಕಲಿಸಿದ್ದರು, ಅವಳು ಅದನ್ನೇ ತಂದು ಇಲ್ಲಿ ಕಲಿಸಿದ್ದಳು. ಗೋಧಿ ಬೆಳೆಯದ ನಾಡಿನಲ್ಲಿ, ಕಿಟಕಿ ತೆಗೆದರೆ ಕಡಲ ಗಾಳಿ ಬರುವ ಕೋಣೆಯಲ್ಲಿ! ಒಬ್ಬರೂ ಯಾಕೆ ಅಂತ ಕೇಳಿರಲಿಲ್ಲ. ಕೇಳಬಹುದಾಗಿದ್ದ ಒಬ್ಬನ ಬಾಯಿಗೆ ಅವರೆಲ್ಲ ಸೇರಿ ಜಾಮು ಸವರಿ ಕೂರಿಸಿದ್ದರು.

"ಅದು ನನಗೆ ಗೊತ್ತಿಲ್ಲ," ಎಂದಳು. "ದಡ ಬದಲಿಸುವ ದೋಣಿಗಳನ್ನು ಎಣಿಸುವುದು ಹೇಗೆ ಅಂತ ನನಗೆ ಯಾರೂ ಹೇಳಿಕೊಟ್ಟಿಲ್ಲ. ಹುಡುಕಬೇಕು. ಆದರೆ ನೀನು ಬರೆದದ್ದು ತಪ್ಪೇ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅಂತ ಬರೆಯಬೇಕಿತ್ತು. ನೀನು ಕೈಗೆ ಸಿಕ್ಕಿದ್ದನ್ನು ಎಣಿಸಿ ಉತ್ತರ ಅಂದೆ."

ಕಟಾನಾ ವಾದಿಸಿದ. ಮರಳಿನ ಮೇಲೆ ಕಡ್ಡಿಯಿಂದ ಗೆರೆ ಎಳೆದು ಮಲಿಂದಿಯ ಕೊಲ್ಲಿ ತೋರಿಸಿದ. ಅವಳು ಅದರ ಮೇಲೆಯೇ ಇನ್ನೊಂದು ಗೆರೆ ಎಳೆದಳು. ಒಂದು ಹಂತದಲ್ಲಿ ಅವನು ಗೆದ್ದ, ಎರಡು ಹಂತದಲ್ಲಿ ಸೋತ. ಕೊನೆಗೆ ಅವಳು ಹಾಳೆಯ ತಲೆಯ ಮೇಲೆ ಅಂಕ ಬರೆದು ಅವನ ಕಡೆ ತಳ್ಳಿದಳು. ಇಪ್ಪತ್ತೆಂಟು.

ಅವನು ಹಾಳೆಯನ್ನು ಕೈಗೆತ್ತಿಕೊಂಡ. "ಆ ಅರವತ್ತರ ಬದಲು ಇದನ್ನೇ ವಿಭಾಗದಲ್ಲೂ ಹಾಕುತ್ತೀರಾ?"

"ಹಾಕುತ್ತೇನೆ."

"ಫೇಲಾದವನಿಗೆ ನಮ್ಮ ಸರ್ಕಾರ ಹಣ ಕಳುಹಿಸುವುದಿಲ್ಲ."

"ಗೊತ್ತು. ಇದು ನಡುವಿನ ಪರೀಕ್ಷೆ. ಕೊನೆಯ ಪರೀಕ್ಷೆ ಮಾರ್ಚಿನಲ್ಲಿ. ಅಲ್ಲಿಯವರೆಗೆ ದಿನಾ ನಿನಗೆ ಕೆಲಸ ಕೊಡುತ್ತೇನೆ, ದಿನಾ ತಪ್ಪು ಹೇಳುತ್ತೇನೆ. ಮಾರ್ಚಿನಲ್ಲೂ ತಪ್ಪು ಬರೆದರೆ ಆಗಲೂ ಫೇಲು ಮಾಡುತ್ತೇನೆ. ಆಗ ಹಡಗು ಹತ್ತಬಹುದು."

"ಉಳಿದವರು?"

"ಅವರ ಪರವಾಗಿ ನಾನು ಮಾತು ಕೊಡಲಾರೆ. ನನ್ನ ಪತ್ರಿಕೆಗೆ ಮಾತ್ರ ಕೊಡಬಲ್ಲೆ."

ಬಲೆಯೊಂದು ಕಿರಗುಟ್ಟುತ್ತ ನೀರಿನಿಂದ ಮೇಲೆದ್ದಿತು. ಕಟಾನಾ ಪ್ಯಾಂಟಿನ ಮಡಿಕೆ ಬಿಚ್ಚಿ, ಮರಳು ಕೊಡವಿದ.

"ಆ ಒಂಟಿ ಕೋಣೆಗೆ ನಾನು ಮರಳುವುದಿಲ್ಲ, ಇಂಟರ್‌ನ್ಯಾಷನಲ್ ಹೌಸ್ ಕಟ್ಟಿ ಮುಗಿದರೆ ಅಲ್ಲೂ ಇರುವುದಿಲ್ಲ. ಮೋಹನನ ಕೋಣೆಯಲ್ಲಿ ಒಂದು ಮಂಚಕ್ಕೆ ಜಾಗ ಇದೆ, ಹಿಂದೊಮ್ಮೆ ಅವನನ್ನು ಕೇಳಿದ್ದೆ."

"ಅದನ್ನು ನೀನೇ ಪಿಳ್ಳೆ ಸಾರ್‌ಗೆ ಹೇಳು. ನಾನು ಪಕ್ಕದಲ್ಲಿ ನಿಲ್ಲುತ್ತೇನೆ."

"ರೈಲು ಎಷ್ಟು ಗಂಟೆಗೆ?" ಎಂದ ಕಟಾನಾ.

ಶುಕ್ರವಾರ ಇಳಿಹೊತ್ತಿನಲ್ಲಿ ಪಿಳ್ಳೆಯವರ ಕೋಣೆಯಲ್ಲಿ ಹಾರಗಳ ಬುಟ್ಟಿ ಇತ್ತು. ಹೊರಗೆ ಮೈದಾನದಲ್ಲಿ ಮೈಕಿನವನು ಹಲೋ ಹಲೋ ಎನ್ನುತ್ತಿದ್ದ. ಕಟಾನಾನನ್ನು ವರಾಂಡದಲ್ಲಿ ಕೂರಿಸಿ, ಸುಮಿತ್ರ ಒಳಗೆ ಹೋಗಿ ಉತ್ತರಪತ್ರಿಕೆಯನ್ನು ಮೇಜಿನ ಮೇಲಿಟ್ಟಳು.

"ಬಂದನಲ್ಲ, ಭಲೇ!" ಎಂದರು ಪಿಳ್ಳೆ. ಆಮೇಲೆ ಅಂಕ ಕಂಡರು. ಅವರ ಮೆಲುದನಿ ಇನ್ನೂ ಮೆಲ್ಲಗಾಯಿತು. "ಇದೇನು ಸುಮಿತ್ರಾ? ಅತಿಥಿಗೆ ಇಪ್ಪತ್ತೆಂಟೇ?"

"ಅತಿಥಿಗಲ್ಲ ಸಾರ್. ವಿದ್ಯಾರ್ಥಿಗೆ."

"ನಿಮ್ಮನ್ನು ಖಾಯಂ ಮಾಡುವ ವಿಚಾರ ಮುಂದಿನ ತಿಂಗಳು ನನ್ನ ಮುಂದೆ ಬರುತ್ತದೆ. ಗೊತ್ತಿದೆ ತಾನೇ?"

"ಗೊತ್ತಿದೆ ಸಾರ್. ಅಂಕ ಬದಲಿಸುವುದಿಲ್ಲ."

ಪಿಳ್ಳೆ ಕುರ್ಚಿಗೆ ಒರಗಿದರು. ಅವರಿಗೆ ಸಿಟ್ಟಿಗಿಂತ ದುಃಖವಾದ ಹಾಗೆ ಕಂಡಿತು. "ನಾನು ಲಂಡನ್ನಿನಲ್ಲಿ ಮೂರು ಚಳಿಗಾಲ ಕಳೆದೆ. ಒಬ್ಬರೂ ನನ್ನನ್ನು ಒಂದು ಊಟಕ್ಕೆ ಕರೆಯಲಿಲ್ಲ. ಕೋಣೆ ಬಾಡಿಗೆಗೆ ಕೇಳಿದರೆ ಮುಖದ ಮೇಲೆ ಬಾಗಿಲು ಹಾಕಿದರು. ನಮ್ಮ ಮನೆಬಾಗಿಲಿಗೆ ಬಂದವನಿಗೆ ಹಾಗಾಗಬಾರದು ಅಂತ ಆಗಲೇ ತೀರ್ಮಾನ ಮಾಡಿದ್ದೆ. ಇದು ನಿಮಗೆ ಅರ್ಥವಾಗುವುದಿಲ್ಲ."

"ಊಟಕ್ಕೆ ಕರೆಯೋಣ ಸಾರ್. ಎಲ್ಲರ ಜೊತೆ ಕೂರಿಸೋಣ," ಎಂದಳು ಸುಮಿತ್ರ. "ಆದರೆ ಅಲ್ಲಿ ನಿಮ್ಮ ಪತ್ರಿಕೆಗಳನ್ನು ಓದದೆ ಅಂಕ ಕೊಟ್ಟರಾ?"

"ಓದದೆಯಾ?" ಪಿಳ್ಳೆ ನೆಟ್ಟಗೆ ಕೂತರು. "ಎರಡು ಸಲ ಫೇಲು ಮಾಡಿದರು! ನನ್ನ ಒಂದು ಸಾಲನ್ನು ಹಿಡಿದು ಇಡೀ ಮಧ್ಯಾಹ್ನ..." ಅವರ ದನಿಯಲ್ಲಿ ಅವರಿಗೇ ಗೊತ್ತಿಲ್ಲದೆ ಒಂದು ಹೆಮ್ಮೆ ಬಂದುಬಿಟ್ಟಿತ್ತು. ಅವರು ನಡುವೆಯೇ ನಿಲ್ಲಿಸಿದರು. ಕನ್ನಡಕ ಮೂಗಿಗೇರಿಸಿ ಪತ್ರಿಕೆಯನ್ನು ಹತ್ತಿರ ಎಳೆದುಕೊಂಡರು. ಅವಳು ಬಿಗಿಯಾಗಿ ಅಂಕ ಹಾಕಿದ್ದಾಳೆಂದು ತೋರಿಸಿಕೊಡುವ ಉದ್ದೇಶವೇ ಇದ್ದಿರಬೇಕು.

ಒಂದು ಪುಟ ಓದಿದರು. ಎರಡನೆಯದನ್ನು ಓದುವಾಗ ಹುಬ್ಬು ಗಂಟಾಯಿತು. ಕೈ ತಾನಾಗಿ ಪೆನ್ಸಿಲ್ ಹುಡುಕಿತು.

"ಇದೇನಿದು? ಯಾವ ದೋಣಿ ಮೊದಲು ಬಂತೋ ಅದನ್ನೇ ಎತ್ತಿಕೊಂಡಿದ್ದಾನೆ!"

"ಹೌದು ಸಾರ್. ಆದರೆ ದೋಣಿಗಳಿಗೆ ಸಂಖ್ಯೆ ಹಾಕಲು ಆಗುವುದಿಲ್ಲವಂತೆ. ದಿನಾ ಬೇರೆ ಬೇರೆ ದಡದಲ್ಲಿ ಇಳಿಯುತ್ತವಂತೆ. ನನಗೆ ಉತ್ತರ ಗೊತ್ತಾಗಲಿಲ್ಲ."

"ಗೊತ್ತಾಗದೆ ಏನು, ಬಹಳ ಸುಲಭ, ಮೊದಲು..." ಪಿಳ್ಳೆ ಪೆನ್ಸಿಲ್ ಎತ್ತಿದರು. ಎತ್ತಿದ ಪೆನ್ಸಿಲ್ ಅಲ್ಲೇ ನಿಂತಿತು. ಹೊರಗೆ ಮೈಕು ನಾದಸ್ವರ ಹಾಕಿತು. ಅವರಿಗೆ ಕೇಳಿಸಿದ ಹಾಗೆ ಕಾಣಲಿಲ್ಲ. ಎದ್ದು ಬಾಗಿಲಿಗೆ ಹೋಗಿ ವರಾಂಡಕ್ಕೆ ತಲೆ ಹಾಕಿದರು. ಇಷ್ಟು ದಿನ ಅವನನ್ನು ಮಿಸ್ಟರ್ ಕಟಾನಾ ಎಂದಲ್ಲದೆ ಕರೆಯದಿದ್ದವರು, ಊರಿನ ಹುಡುಗರನ್ನು ಗದರಿಸುವ ದನಿಯಲ್ಲಿ ಕೂಗಿದರು.

"ಎಡಾ! ಇಲ್ಲಿ ಬಾ! ಈ ಕಸವನ್ನು ಬರೆದವನು ನೀನೇನಾ?"

ಕಟಾನಾ ಒಳಗೆ ಬಂದ. ಪಿಳ್ಳೆ ಅವನನ್ನು ತಮ್ಮ ಪಕ್ಕದ ಕುರ್ಚಿಗೆ ಒತ್ತಿ ಕೂರಿಸಿ, ಮಲಿಂದಿಯಲ್ಲಿ ಎಷ್ಟು ಕೊಲ್ಲಿಗಳಿವೆ, ದೋಣಿ ರಾತ್ರಿಯೂ ಬರುತ್ತದೆಯೇ, ಮಳೆಗಾಲದಲ್ಲಿ ಏನು ಮಾಡುತ್ತಾರೆ ಎಂದು ಒಂದರ ಮೇಲೊಂದು ಕೇಳತೊಡಗಿದರು. ಅವನ ಒಂದು ಉತ್ತರಕ್ಕೆ ತಲೆದೂಗಿದರು, ಇನ್ನೊಂದಕ್ಕೆ ಮೇಜು ಗುದ್ದಿದರು.

"ಸಾರ್, ಹೊಸ ಕಟ್ಟಡ ಮುಗಿದರೂ ನಾನು ಅಲ್ಲಿ ಇರುವುದಿಲ್ಲ," ಎಂದ ಕಟಾನಾ ನಡುವೆ.

"ಆ ಜಗಳ ನಾಳೆ. ಮೊದಲು ಇದಕ್ಕೆ ಉತ್ತರ ಕೊಡು."

ಜವಾನ ಓಡಿ ಬಂದ. ಮಂತ್ರಿಗಳ ಕಾರು ಬಂದಿತ್ತು. ಪಿಳ್ಳೆ ಬೈಯುತ್ತಲೇ ಎದ್ದು ಕೋಟು ತೊಟ್ಟು, ಹಾರದ ಬುಟ್ಟಿ ಎತ್ತಿಕೊಳ್ಳುವಂತೆ ಜವಾನನಿಗೆ ಸನ್ನೆ ಮಾಡಿದರು.

"ಫೋಟೋಕ್ಕೆ ಇವರು, ಸಾರ್?" ಎಂದ ಜವಾನ, ಕಟಾನಾ ಕಡೆ ನೋಡುತ್ತ.

"ಅವನಿಗೆ ಬಿಡುವಿಲ್ಲ," ಎಂದು ಪಿಳ್ಳೆ ಹೊರಟರು. ಬಾಗಿಲಲ್ಲಿ ಒಮ್ಮೆ ತಿರುಗಿ ಸುಮಿತ್ರಳನ್ನು ನೋಡಿದರು. ನಕ್ಕರೋ ಗುರಾಯಿಸಿದರೋ ಅವಳಿಗೆ ತಿಳಿಯಲಿಲ್ಲ. ಮುಂದಿನ ತಿಂಗಳು ಏನಾಗುತ್ತದೆ ಎಂಬುದೂ ತಿಳಿಯಲಿಲ್ಲ. ಅವಳು ಅವರ ಖಾಲಿ ಕುರ್ಚಿಯ ಪಕ್ಕಕ್ಕೆ ತನ್ನ ಕುರ್ಚಿ ಎಳೆದುಕೊಂಡಳು.

ಮೈದಾನದಲ್ಲಿ ಸ್ವಾಗತ ಭಾಷಣ ಆರಂಭವಾಯಿತು. ವಿಶ್ವವೆಲ್ಲ ಒಂದು ಕುಟುಂಬ ಎಂದು ಯಾರೋ ಮೈಕಿನಲ್ಲಿ ಹೇಳುತ್ತಿದ್ದರು. ಕಟಾನಾ ಎದ್ದು ಕಿಟಕಿ ಮುಚ್ಚಿ ಬಂದು ಕೂತ.

"ಮೇಡಂ, ದೋಣಿಗೆ ಸಂಖ್ಯೆ ಹಾಕಲು ಆಗುವುದಿಲ್ಲ, ದಡ ಆರಿಸಿದರೆ ದೋಣಿ ನಾಳೆ ಬೇರೆ ದಡದಲ್ಲಿರುತ್ತದೆ," ಎಂದ ನಿಧಾನವಾಗಿ. "ಉಬ್ಬರಗಳಿಗೆ ಹಾಕಿದರೆ? ಇಡೀ ತಿಂಗಳ ಉಬ್ಬರ ಯಾವ ಹೊತ್ತಿಗೆ ಬರುತ್ತದೆ ಅಂತ ಮೊದಲೇ ಗೊತ್ತಿರುತ್ತದೆ. ಅವುಗಳಲ್ಲಿ ಕೆಲವನ್ನು ಆರಿಸಿ, ಆ ಹೊತ್ತಿಗೆ ಎಲ್ಲ ದಡಗಳಲ್ಲೂ ಒಬ್ಬೊಬ್ಬರು ನಿಂತು ಎಣಿಸಿದರೆ?"

ಸುಮಿತ್ರ ಯೋಚಿಸಿದಳು. ಅವಳು ಓದಿದ ಯಾವ ಪುಸ್ತಕದಲ್ಲೂ ಇದು ಇರಲಿಲ್ಲ. ಸರಿಯೋ ತಪ್ಪೋ ಅವಳಿಗೆ ಗೊತ್ತಿರಲಿಲ್ಲ.

"ಬರೆ," ಎಂದಳು. "ತಪ್ಪಿದ್ದರೆ ಹೇಳುತ್ತೇನೆ."